ತಾಟಿಗೆ ತಿರುಗಿ ಹಾಕಿದ ಅಕ್ಕಿ

ಯಾದಗಿರಿಯ ಜಿಲ್ಲಾಡಳಿತ ಭವನದ ಪರದೆಯ ಮೇಲೆ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಉಡಿ ತುಂಬುತ್ತಿದ್ದಳು. ತುಂಬುತ್ತಿದ್ದವರು ಶಹಾಪುರ ತಾಲ್ಲೂಕಿನಲ್ಲಿ, ಸಗರದಿಂದ ಆಚೆಗಿರುವ ಒಂದು ಸಣ್ಣ ಊರಿನ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ತುಂಬಿಸಿಕೊಳ್ಳುತ್ತಿದ್ದಾಕೆ ಯುರೋಪಿನ ಒಂದು ಪುಟ್ಟ ದೇಶದಿಂದ ಬಂದ ಸೋಲಾರ್ ಕಂಪನಿಯ ಮುಖ್ಯಸ್ಥೆ. ಯಾರೋ ಹೊದಿಸಿದ ಓಢಣಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಕೆಂಪಾದ ಮುಖದಲ್ಲಿ ನಗುತ್ತ ನಿಂತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಕುಬಸದ ಖಣ ಒಂದೊಂದಾಗಿ ಆ ಓಢಣಿಗೆ ಬೀಳುತ್ತಿದ್ದವು.

"ಇನ್ನ ಮ್ಯಾಲ ನೀ ನಮ್ಮೂರ ಮಗಳವ್ವ. ಇದು ನಿನ್ನ ತವರ್ಮನಿ. ನೆಲ ಬೇಕು, ನೀರು ಬೇಕು, ಏನ್ ಬೇಕು ಕೇಳು. ನಾವ್ ಇರೂತನಕ ನಿನಗೇನೂ ಕಮ್ಮಿ ಆಗಾಕ ಬಿಡಂಗಿಲ್ಲ" ಎಂದು ಅಧ್ಯಕ್ಷೆ ಹೇಳುತ್ತಿದ್ದರು. ವಿಡಿಯೊದಲ್ಲಿ ಅವರ ಹಿಂದಿನ ಸಾಲಿನಲ್ಲಿ ಕೂತಿದ್ದ ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಅದರ ಅನುವಾದ ಓಡಿತು.

"ಇದು ಕಂಪನಿಯವರು ಕೊಟ್ಟಿರೋ ಮೊದಲನೇ ಸಾಕ್ಷ್ಯ ಮೇಡಂ" ಎಂದರು ಹಿರಿಯ ಅಧಿಕಾರಿ. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು.

ನನಗೆ ನಗು ಬಂತು, ನಕ್ಕೂಬಿಟ್ಟೆ. ಸುತ್ತ ನೋಡಿದರೆ ಬೇರೆ ಯಾರೂ ನಗುತ್ತಿರಲಿಲ್ಲ.

ನಾನು ಶಹಾಪುರದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ತವರು ಸುರಪುರ, ಅಪ್ಪನದು ಕಿರಾಣಿ ಅಂಗಡಿ. ಅಣ್ಣ-ತಮ್ಮಂದಿರ ಪಾಲಿನ ಜಗಳ, ಬದುವಿನ ಜಗಳ, ಗಂಡ ಬಿಟ್ಟವರ ಜೀವನಾಂಶ ನನ್ನ ದಿನನಿತ್ಯದ ಕಸುಬು. ವಿದೇಶಿ ಹೂಡಿಕೆಯ ಕಾನೂನಿಗೂ ನನಗೂ ಎತ್ತಣ ಸಂಬಂಧ? ಕನ್ನಡ ಬಲ್ಲ, ಆ ಊರಿನ ಹೆಂಗಸರ ಜತೆ ಕೂತು ಮಾತಾಡಬಲ್ಲ ವಕೀಲರೊಬ್ಬರು ದಿಲ್ಲಿಯವರಿಗೆ ಬೇಕಾಗಿತ್ತು. ದಿಲ್ಲಿ ಬೆಂಗಳೂರಿಗೆ ಬರೆಯಿತು, ಬೆಂಗಳೂರು ಯಾದಗಿರಿಗೆ ಬರೆಯಿತು, ಯಾದಗಿರಿಯವರು ನನಗೆ ಫೋನ್ ಮಾಡಿದರು.

ಸಂಗತಿ ಇಷ್ಟು. ಊರಿನ ಮೇಲ್ಗಡೆಯ ಎರೆಹೊಲಗಳನ್ನು ಗುತ್ತಿಗೆ ಹಿಡಿದು ಕಂಪನಿ ಸೋಲಾರ್ ಫಲಕ ಹಾಕಿತ್ತು. ನಮ್ಮ ಕಡೆಯ ಧೂಳು ಎಂಥದೆಂದು ಬೇಸಿಗೆಯಲ್ಲಿ ಒಮ್ಮೆ ಬಂದವರಿಗೂ ಗೊತ್ತು. ಫಲಕದ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ, ಅದಕ್ಕೆ ಮೇಲಿಂದ ಮೇಲೆ ತೊಳೆಯಬೇಕು. ಸವಳು ನೀರಿನಿಂದ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಸಿಹಿನೀರೇ ಬೇಕು. ಆ ಊರಲ್ಲಿ ಎಲ್ಲಿ ಬೋರ್ ಹಾಕಿದರೂ ಬರುವುದು ಸವಳು. ಸಿಹಿನೀರಿನ ಸೆಲೆ ಇರುವುದು ಒಂದೇ ಕಡೆ. ಆ ಸೆಲೆಯ ಕೆಳತುದಿಗೆ ಊರಿನ ಕುಡಿಯುವ ನೀರಿನ ಬಾವಿಯಿದೆ, ಮೇಲ್ತುದಿಗೆ ಕಂಪನಿ ಬೋರ್ ಕೊರೆಯಿತು. ಒಂದು ಬೇಸಿಗೆ ಬಾವಿಯ ತಳ ಕಂಡಿತು. ಪಂಚಾಯಿತಿ ಸಭೆ ಕರೆದು, ಆ ಬೋರ್‌ಗಳ ಪಂಪು ನಿಲ್ಲಿಸಬೇಕೆಂದು ಠರಾವು ಮಾಡಿತು. ಜಿಲ್ಲಾಡಳಿತ ಅದನ್ನು ಎತ್ತಿಹಿಡಿದು ಪಂಪಿಗೆ ಸೀಲು ಹಾಕಿತು. ಬಾವಿಯಲ್ಲಿ ಮತ್ತೆ ನೀರು ನಿಂತಿತು. ಊರಿನವರ ಲೆಕ್ಕದಲ್ಲಿ ಜಗಳ ಅಲ್ಲಿಗೆ ಮುಗಿದಿತ್ತು.

ಕಂಪನಿ ನಮ್ಮ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ತನ್ನ ದೇಶಕ್ಕೂ ನಮ್ಮ ದೇಶಕ್ಕೂ ಹಿಂದೆ ಆಗಿದ್ದ ಹೂಡಿಕೆ ರಕ್ಷಣೆಯ ಒಪ್ಪಂದವನ್ನು ತೆಗೆದು, ಕೇಂದ್ರ ಸರ್ಕಾರದ ಮೇಲೆಯೇ ದಾವೆ ಹೂಡುವುದಾಗಿ ನೋಟಿಸು ಕೊಟ್ಟಿತು. ಅಂಥ ಹಳೆಯ ಒಪ್ಪಂದಗಳನ್ನು ನಮ್ಮ ಸರ್ಕಾರ ಬಹುಮಟ್ಟಿಗೆ ರದ್ದು ಮಾಡಿದೆ. ಆದರೆ ರದ್ದಾಗುವ ಮೊದಲೇ ಬಂದ ಹೂಡಿಕೆಗೆ ಆಮೇಲೂ ಎಷ್ಟೋ ವರ್ಷ ರಕ್ಷಣೆ ಉಳಿದುಕೊಳ್ಳುತ್ತದೆ, ಈ ಕಂಪನಿಯದು ಮೊದಲೇ ಬಂದಿತ್ತು. ಸತ್ತ ಒಪ್ಪಂದವೂ ಎದ್ದು ಬಂದು ಜಗಳ ಆಡುತ್ತದೆಂದು ನಾನು ತಿಳಿದದ್ದು ಆ ದಿನ.

ತೀರ್ಪು ಕೊಡುವವರು ಯಾವುದೋ ವಿದೇಶಿ ನಗರದಲ್ಲಿ ಕೂರುವ ಮಧ್ಯಸ್ಥಗಾರರು. ಸರ್ಕಾರ ಹೂಡಿಕೆದಾರನಲ್ಲಿ ಒಂದು ನಂಬಿಕೆ ಹುಟ್ಟಿಸಿ, ಅದನ್ನು ನಂಬಿ ಅವನು ಹಣ ಹಾಕಿದ ಮೇಲೆ ಮಾತು ತಪ್ಪಿದರೆ ಪರಿಹಾರ ಕೊಡಬೇಕು. ಬರಲಿದ್ದ ಲಾಭವೂ ಆ ಪರಿಹಾರದ ಲೆಕ್ಕಕ್ಕೆ ಸೇರುತ್ತದೆ. ಪಂಚಾಯಿತಿ ಕೊಟ್ಟ ಮಾತೂ ದೇಶವೇ ಕೊಟ್ಟ ಮಾತು ಎಂಬುದು ಕಂಪನಿಯ ವಾದ. ಆ ಮಾತು ಯಾವುದೆಂದರೆ ಉಡಿ ತುಂಬುವಾಗ ಆಡಿದ್ದು.

"ಇಂಗ್ಲಿಷ್ ಅನುವಾದದಲ್ಲಿ ಏನಾದರೂ ತಪ್ಪಿದೆಯಾ ನೋಡಿ" ಎಂದು ಅಧಿಕಾರಿ ಆಸೆಯಿಂದ ಕೇಳಿದರು. ವಿಡಿಯೊ ಮತ್ತೆ ಹಾಕಿಸಿ ನೋಡಿದೆ. ತಪ್ಪಿರಲಿಲ್ಲ. ಪದಕ್ಕೆ ಪದ ಸರಿಯಿತ್ತು. ನಮ್ಮ ಕಡೆ ಪ್ರತಿಯೊಬ್ಬ ಮಗಳಿಗೂ ಉಡಿ ತುಂಬುವಾಗ ಹೀಗೇ ಹೇಳುತ್ತಾರೆ, ಯಾವ ಮಗಳೂ ಅದನ್ನು ಹಿಡಿದುಕೊಂಡು ತವರಿನ ಬಾವಿ ಕೇಳಲು ಬರುವುದಿಲ್ಲ ಎಂಬುದನ್ನು ಅನುವಾದದ ಯಾವ ಸಾಲಿನಲ್ಲಿ ಸೇರಿಸಲಿ?

ಮರುದಿನ ಊರಿಗೆ ಹೋದೆ. ಬಾವಿಯನ್ನು ಮೊದಲು ನೋಡಿದೆ. ಕಲ್ಲು ಕಟ್ಟಿದ ಹಳೆಯ ಬಾವಿ, ಮೆಟ್ಟಿಲ ಮೇಲೆ ಕೊಡಗಳ ಸಾಲು. ನೀರು ಕುಡಿದು ನೋಡಿದೆ, ತಣ್ಣಗೆ ಸಿಹಿಯಾಗಿತ್ತು. ಅಲ್ಲಿಂದ ಕತ್ತೆತ್ತಿದರೆ ಏರಿನುದ್ದಕ್ಕೂ ಫಲಕಗಳ ಹೊಳಪು. ಕಂಪನಿ ಟ್ಯಾಂಕರಿನಿಂದ ನೀರು ತರಿಸಿ ಆಗೊಮ್ಮೆ ಈಗೊಮ್ಮೆ ತೊಳೆಸುತ್ತಿತ್ತು, ಅದು ಸಾಲುತ್ತಿಲ್ಲ ಎಂಬುದೂ ಸುಳ್ಳಲ್ಲ. ಸೂರ್ಯನಿಂದ ಕರೆಂಟು ಮಾಡುವುದು ಕೆಟ್ಟ ಕೆಲಸವೆಂದು ನಾನು ಹೇಳುವುದಿಲ್ಲ. ಆ ಫಲಕ ತೊಳೆಯುವ ನೀರು ಕುಡಿಯುವವರ ಗಂಟಲಿನಿಂದ ಹೋಗಬೇಕೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಅಧ್ಯಕ್ಷೆಯ ಅವಧಿ ಮುಗಿದು ಬಹಳ ದಿನವಾಗಿತ್ತು, ಊರಿನವರು ಮಾತ್ರ ಇನ್ನೂ ಅಧ್ಯಕ್ಷಮ್ಮ ಎಂದೇ ಕರೆಯುತ್ತಿದ್ದರು. ದಲಿತರ ಓಣಿಯ ಕೊನೆಯ ಮನೆ. ಒಳಗೆ ಬುದ್ಧನ ಪಟ, ಪಕ್ಕದಲ್ಲಿ ಗಂಡನ ಕರಣಿ, ತೂಗುಗುಂಡು. ಗಂಡ ಗೌಂಡಿ, ಗೋಡೆ ಕಟ್ಟುವ ಕೆಲಸದವರು. ನಾನು ಬಂದ ಕಾರಣ ಹೇಳಿ, ಮೊಬೈಲಿನಲ್ಲಿ ವಿಡಿಯೊ ತೋರಿಸಿದೆ. ಅಧ್ಯಕ್ಷಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದರು.

"ಆ ದಿನ ಎಷ್ಟು ಛಂದ ಇತ್ತರಿ ವಕೀಲಮ್ಮ" ಎಂದರು. "ನಮ್ಮ ಓಣಿ ಹೆಣಮಕ್ಕಳ ಕೈಲೆ ಮ್ಯಾಲಿನ ಓಣಿಯವ್ರು ಯಾರೂ ಉಡಿ ತುಂಬಿಸ್ಕೊಂಡಿಲ್ಲರಿ, ನಾ ಅಧ್ಯಕ್ಷ ಆದಮ್ಯಾಲೂ ಇಲ್ಲ. ಆಕಿ ಅಷ್ಟು ದೂರದಿಂದ ಬಂದಾಕಿ, ಇಡೀ ಊರ ಮುಂದ ನನ್ನ ಎದುರು ಸೆರಗ ಒಡ್ಡಿ ನಿಂತ್ಲು. ನನಗ ಅಳು ಬಂದಿತ್ತರಿ. ಬಾಯಾಗ ಎಷ್ಟು ಒಳ್ಳೆ ಮಾತಿದ್ವು, ಅಷ್ಟೂ ಹಾಕ್ದೆ."

"ಆ ಮಾತೇ ಈಗ ಕೋರ್ಟಿಗೆ ಹೋಗ್ಯದರಿ ಅಮ್ಮ."

"ಉಡಿ ಮಾತಿಗೆ ಕೋರ್ಟ್ ಅದೇನ್ರಿ?"

ಒಪ್ಪಂದದ ಕತೆಯನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಸೋತರೆ ಸರ್ಕಾರ ದಂಡ ಕಟ್ಟಬೇಕಾಗುತ್ತದೆ, ಆ ಹೆದರಿಕೆಗೆ ಪಂಪಿನ ಸೀಲು ತೆಗೆದರೂ ತೆಗೆದಾರು ಎಂದೂ ಹೇಳಿದೆ. ಆ ಕೋರ್ಟಿಗೆ ಊರಿನವರು ಹೋಗಿ ಬಾವಿಯ ಸಂಗತಿ ಹೇಳಬಹುದೇ ಎಂದು ಅವರು ಕೇಳಿದರು. ಅಲ್ಲಿ ಕಂಪನಿಗೊಂದು ಕುರ್ಚಿ, ದೇಶಕ್ಕೊಂದು ಕುರ್ಚಿ, ಊರಿಗೆ ಕುರ್ಚಿ ಇಲ್ಲ ಎಂದೆ.

ನನ್ನ ತಲೆಗೆ ಮೊದಲು ಹೊಳೆದದ್ದು ಬಾವಿಯದೇ ಸಾಕ್ಷಿ ಹಾಕುವುದು. ಸೀಲು ಹಾಕುವ ಮುಂಚೆ ಬಾವಿಯ ನೀರು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ತೋರಿಸಿದರೆ ಠರಾವು ಹಟಕ್ಕೆ ಮಾಡಿದ್ದಲ್ಲ, ಜೀವಕ್ಕೆ ಮಾಡಿದ್ದು ಎಂದು ನಿಲ್ಲುತ್ತದೆ. ಅಂತರ್ಜಲ ಇಲಾಖೆಯವರನ್ನು ಕಾಡಿ ಬೇಡಿ ಕರೆತಂದೆ. ಅವರು ಸರಿಯಾದ ಮಾತೇ ಹೇಳಿದರು: ಬೋರ್ ಓಡಿಸಿ ಬಾವಿ ಅಳೆಯಬೇಕು, ನಿಲ್ಲಿಸಿ ಮತ್ತೆ ಅಳೆಯಬೇಕು, ಆಗ ಮಾತ್ರ ಎರಡಕ್ಕೂ ಸಂಬಂಧ ಇದೆಯೆಂದು ಬರೆಯಬಹುದು. ಪರೀಕ್ಷೆಗೆ ಪಂಪಿನ ಸೀಲು ತೆಗೆಯಬೇಕು. ಕಂಪನಿಯ ವ್ಯವಸ್ಥಾಪಕ ಚಹಾ ತರಿಸಿಕೊಟ್ಟು, ತಮ್ಮ ವಕೀಲರ ಒಪ್ಪಿಗೆಯಿಲ್ಲದೆ ಆವರಣದೊಳಗೆ ಯಾವ ಪರೀಕ್ಷೆಗೂ ಬಿಡುವುದಿಲ್ಲ ಎಂದರು. ಆ ವಕೀಲರ ಉತ್ತರ ಬರಲೇ ಇಲ್ಲ. ಕಂಪನಿಯ ಕಡೆಯ ತಜ್ಞ ಮಾತ್ರ ಆ ವರ್ಷ ಮಳೆ ಕಮ್ಮಿಯಾಗಿದ್ದರಿಂದ ಬಾವಿ ಬತ್ತಿತೆಂದು ದಪ್ಪನೆಯ ವರದಿ ಬರೆದುಕೊಟ್ಟ. ಮಳೆ ಕಮ್ಮಿಯಾಗಿದ್ದೂ ಖರೆ. ನನ್ನ ಕೈಯಲ್ಲಿ ಊರಿನವರ ಬಾಯಿಮಾತು ಬಿಟ್ಟರೆ ಏನೂ ಉಳಿಯಲಿಲ್ಲ.

ಅಷ್ಟರಲ್ಲಿ ದಿಲ್ಲಿಯಿಂದ ಅಧ್ಯಕ್ಷಮ್ಮನ ಹೇಳಿಕೆಯ ಕರಡು ಬಂತು. ಹೇಳಿಕೆ ಕೊಡಬೇಕಾದವರನ್ನು ಒಂದು ಸಲವೂ ನೋಡದೆ ಅದನ್ನು ಬರೆದಿದ್ದರು. ಅಲ್ಲಿನ ವಕೀಲ ಒಳ್ಳೆಯವನೇ, ಹಗಲಿರುಳು ದುಡಿಯುವ ಹುಡುಗ. ಫೋನಿನಲ್ಲಿ ತನ್ನ ಯೋಚನೆ ಬಿಡಿಸಿ ಹೇಳಿದ. ಅಂಥ ಮಾತು ಕೊಡುವ ಅಧಿಕಾರವಾಗಲಿ, ತಿಳಿವಳಿಕೆಯಾಗಲಿ ಆ ಹೆಂಗಸಿಗೆ ಇರಲಿಲ್ಲವೆಂದು ತೋರಿಸಿದರೆ ಕಂಪನಿಯ ನಂಬಿಕೆಗೆ ಬುಡವೇ ಇರುವುದಿಲ್ಲ. ನಾನು ಮಾಡಬೇಕಾದದ್ದು ಕನ್ನಡಕ್ಕೆ ಇಳಿಸುವುದು, ಓದಿ ಹೇಳುವುದು, ಸಹಿ ಪಡೆಯುವುದು.

ಕನ್ನಡಕ್ಕೆ ಇಳಿಸಿದೆ. ಆ ಊರಿಗೆ ಮತ್ತೆ ಹೋಗಿ, ಬುದ್ಧನ ಪಟದ ಕೆಳಗೆ ಕೂತು ಓದಿದೆ: "ನಾನು ಓದು ಬರಹ ಬಾರದವಳು. ಪಂಚಾಯಿತಿಯ ವ್ಯವಹಾರ ನನಗೆ ತಿಳಿಯುತ್ತಿರಲಿಲ್ಲ. ನನ್ನ ಗಂಡ ಮತ್ತು ಊರಿನ ಗಂಡಸರು ಹೇಳಿದಂತೆ ನಡೆದುಕೊಳ್ಳುತ್ತಿದ್ದೆ. ಆ ದಿನ ಆಡಿದ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ."

ಓದುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

ಮೊದಲು ಮಾತಾಡಿದವರು ಗಂಡ. "ನಾ ಯಾವಾಗ ಹೇಳೀನ್ರಿ? ಐದು ವರ್ಷದಾಗ ಪಂಚಾಯ್ತಿ ಕಂಪೌಂಡ್ ಕಟ್ಟಾಕ ಒಮ್ಮಿ ಹೋಗಿದ್ದೆ, ಅದೂ ಕೂಲಿಗೆ. ಗ್ವಾಡಿ ವಾರೆ ಆಗ್ಯದ ಅಂತ ಈಕಿನೇ ನನ್ನ ಕೈಲೆ ಕೆಡವಿಸಿ ಮತ್ತ ಕಟ್ಟಿಸ್ಯಾಳ."

ಅಧ್ಯಕ್ಷಮ್ಮ ನಗಲಿಲ್ಲ. "ಅಕ್ಷರ ಕಲಿಯೂ ಸಾಲಿಗೆ ಹೋಗಿ ದಸ್ಕತ್ ಕಲತೀನ್ರಿ. ನಿಧಾನಕ್ಕ ಓದಾಕೂ ಬರ್ತದ. ಐದು ವರ್ಷ ಒಂದು ಕಾಗದಕ್ಕ ಓದಿಸಿ ಕೇಳಲಾರದ ದಸ್ಕತ್ ಹಾಕಿಲ್ಲ." ಆಮೇಲೆ ಕೇಳಿದರು, "ಇದರಿಂದ ಬಾವಿ ಉಳಿತದೇನ್ರಿ?"

"ಉಳೀಬಹುದು ಅಂತಾರರಿ ದಿಲ್ಲಿಯವ್ರು."

"ಹಂಗಾದ್ರ ಕೊಡ್ರಿ. ಆದ್ರ ಓದಾಕ ಬರದಾಕಿ ಅಂತ ಬರದು ಕೆಳಗ ದಸ್ಕತ್ ಹಾಕಿದ್ರ ಸುಳ್ಳು ಗೊತ್ತಾಗ್ತದಲ್ರಿ. ಹೆಬ್ಬಟ್ಟು ಒತ್ತತೀನಿ. ಮಸಿ ಡಬ್ಬಿ ತಂದೀರೇನು?"

ತಂದಿರಲಿಲ್ಲ. ಗಂಡ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾಳೆ ತರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದವನ ಮೇಲೆ ಹರಿಹಾಯ್ದೆ. ಪಾಪ, ಅವನು ಎದ್ದು ಹಿಂದಿನ ಸೀಟಿಗೆ ಹೋದ.

ಶಹಾಪುರದ ಕೋರ್ಟಿನ ಎದುರಿನ ಅಂಗಡಿಯಲ್ಲಿ ಮಸಿ ಡಬ್ಬಿ ಕೊಂಡೆ. ವಕೀಲರ ಕೋಣೆಗೆ ಬಂದು ಕಡತ ಜೋಡಿಸುವಾಗ ಪಂಪು ನಿಲ್ಲಿಸಿದ ಠರಾವಿನ ಪ್ರತಿ ಕೈಗೆ ಬಂತು. ಕೆಳಗೆ ಅಧ್ಯಕ್ಷಮ್ಮನ ದುಂಡನೆಯ ದಸ್ಕತ್ತು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಈಗ ಮೇಜಿನ ಮೇಲೆ ಅದರ ಪಕ್ಕದಲ್ಲಿ ಮಸಿ ಡಬ್ಬಿ ಇತ್ತು, ಮತ್ತು ನನ್ನ ಬುದ್ಧಿಗೆ ಬಹಳ ತಡವಾಗಿ ಬೆಳಕು ಬಿತ್ತು.

ಉಡಿ ತುಂಬಿದವರೂ ಇವರೇ, ಠರಾವು ಮಾಡಿದವರೂ ಇವರೇ. ಉಡಿ ತುಂಬುವಾಗ ಇವರಿಗೆ ಏನೂ ತಿಳಿಯುತ್ತಿರಲಿಲ್ಲ ಎಂದಾದರೆ ಪಂಪು ನಿಲ್ಲಿಸಿದಾಗ ಮಾತ್ರ ತಿಳಿಯುತ್ತಿತ್ತೆ? ಗಂಡಸರು ಹೇಳಿದ ಕಡೆ ಕೈಯೆತ್ತುವವಳಾಗಿದ್ದರೆ ಆ ಠರಾವೂ ಯಾರದೋ ಹಗೆತನಕ್ಕೆ ಮಾಡಿಸಿದ್ದೆಂದು ಕಂಪನಿಯ ವಕೀಲರು ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತಾರೆ. ಬಾವಿಯನ್ನು ಉಳಿಸಲು ಒತ್ತುವ ಹೆಬ್ಬೆಟ್ಟೇ ಬಾವಿಯನ್ನು ಮುಚ್ಚುತ್ತಿತ್ತು.

ದಿಲ್ಲಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ನಾವೂ ನೋಡಿದ್ದೇವೆ ಮೇಡಂ. ನಿಮಗೆ ಹೇಳೋ ಹಾಗಿರಲಿಲ್ಲ. ರಾಜಿಯ ಮಾತು ನಡೆದಿದೆ. ಆದೇಶ ವಾಪಸು ಪಡೆದರೆ ದಾವೆ ಮುಂದುವರಿಸುವುದಿಲ್ಲ ಅಂತ ಕಂಪನಿ ಹೇಳಿದೆ. ಆದೇಶ ವಾಪಸು ಪಡೆಯೋಕೆ ಒಂದು ಕಾರಣ ಬೇಕು. ಠರಾವೇ ಸರಿಯಿರಲಿಲ್ಲ ಅನ್ನೋದಕ್ಕಿಂತ ಸುಲಭದ ಕಾರಣ ಸಿಗಲ್ಲ."

ಅಂದರೆ ಆ ಹೇಳಿಕೆ ಕಂಪನಿಯನ್ನು ಸೋಲಿಸಲಿಕ್ಕಲ್ಲ. ಅಧ್ಯಕ್ಷಮ್ಮ ತಮ್ಮ ಮಾನ-ಮರ್ಯಾದೆಯನ್ನು ಬಾವಿಗೆಂದು ಕೊಡುತ್ತಿದ್ದರು, ದಿಲ್ಲಿಯವರು ಅದನ್ನು ತೆಗೆದುಕೊಂಡು ಪಂಪಿನ ಸೀಲು ಒಡೆಯುವವರಿದ್ದರು. ನಾನು ಮಧ್ಯದಲ್ಲಿ ಮಸಿ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಫೋನಿನಲ್ಲಿ ಏನೇನು ಅಂದೆನೋ ನೆನಪಿಲ್ಲ, ಸುರಪುರದ ಸಂತೆಯಲ್ಲಿ ಮಾತ್ರ ಆಡಬಹುದಾದ ಒಂದೆರಡು ಮಾತು ಬಂದಿರಬೇಕು. ಅವನಿಗೆ ಕನ್ನಡ ಬರದದ್ದು ಇಬ್ಬರ ಪುಣ್ಯ.

ಮಸಿ ಡಬ್ಬಿಯನ್ನು ಕೋಣೆಯಲ್ಲೇ ಬಿಟ್ಟು ಮರುದಿನ ಊರಿಗೆ ಹೋದೆ. ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಸರ್ಕಾರದ ಕಡೆಯ ವಕೀಲೆಯಾಗಿ ಅದು ಹೇಳಬಾರದ ಮಾತು, ಹೇಳಿದರೆ ಕೆಲಸ ಹೋಗುತ್ತದೆ ಎಂಬುದು ಗೊತ್ತಿತ್ತು. ಹೆಬ್ಬೆಟ್ಟು ಬೇಡ, ಆ ದಿನ ಏನಾಯಿತೋ ಅದನ್ನು ನಿಮ್ಮ ಬಾಯಲ್ಲೇ ಹೇಳಿ, ಹಾಗೇ ಬರೆದು ಕಳಿಸುತ್ತೇನೆ ಎಂದೆ.

ಹೇಳಿಕೆ ಬರೆಯುವುದಕ್ಕೊಂದು ರೀತಿಯಿದೆ. ಒಂದೊಂದು ಸಂಗತಿಗೆ ಒಂದೊಂದು ಅಂಕಿ ಹಾಕಿದ ಪರಿಚ್ಛೇದ. ಕೇಳಿದ್ದು ಬೇರೆ, ಕಂಡದ್ದು ಬೇರೆ. ಬರೆದದ್ದನ್ನು ತಿರುಗಿ ಓದಿ ಹೇಳಬೇಕು, ಒಪ್ಪಿದರೆ ಮುಂದಕ್ಕೆ. ಅಧ್ಯಕ್ಷಮ್ಮ ಅದನ್ನು ಬೇಗ ಹಿಡಿದುಕೊಂಡರು, ಪಂಚಾಯಿತಿ ನಡಾವಳಿ ಬರೆಸಿದ ಅಭ್ಯಾಸ. ಉಡಿಯ ಭಾಗ ಬಂದಾಗ ವಿಡಿಯೊ ಇನ್ನೊಮ್ಮೆ ಹಾಕಲು ಹೇಳಿದರು. ಮಾತು ಮುಗಿದು, ಅನುವಾದವೂ ನಿಂತು, ಎಲ್ಲರೂ ಎದ್ದು ಓಡಾಡುವ ಕೊನೆಯ ಭಾಗಕ್ಕೆ ಬಂದಾಗ ಬೆರಳು ತೋರಿಸಿದರು.

"ಇಲ್ಲಿ ನೋಡ್ರಿ. ಆಕಿ ಏನ್ ಮಾಡಾಕತ್ತಾಳ?"

ವಿದೇಶಿ ಹೆಂಗಸು ತನ್ನ ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಅಧ್ಯಕ್ಷಮ್ಮನ ತಾಟಿಗೆ ತಿರುಗಿ ಹಾಕುತ್ತಿದ್ದಳು. ನಮ್ಮಲ್ಲಿ ಎಲ್ಲರೂ ಮಾಡುವುದೇ. ನಾನು ಹುಟ್ಟಿದಾಗಿನಿಂದ ಕಂಡದ್ದು, ಅದಕ್ಕೇ ಆ ವಿಡಿಯೊದಲ್ಲಿ ನನಗೆ ಕಂಡಿರಲಿಲ್ಲ.

"ತವರು ಬರಿದಾಗಬಾರದು ಅಂತ ಹಾಕೂದರಿ ಅದು. ನಾನೇ ಕೈಸನ್ನಿಲೆ ತೋರಿಸಿದ್ದೆ. ಯಾಕ ಅಂತ ಆಕಿ ಕೇಳಿದ್ಲು, ಜತಿಗಿದ್ದವ್ರು ಆಕಿ ಭಾಷಾದಾಗ ತಿಳಿಸಿ ಹೇಳಿದ್ರು. ತಿಳಕೊಂಡೇ ಹಾಕ್ಯಾಳ. ನಾ ಮಾತು ಕೊಟ್ಟೀನಿ, ಇಲ್ಲ ಅನ್ನಂಗಿಲ್ಲ. ಆಕಿನೂ ಕೊಟ್ಟಾಳಲ್ರಿ. ಅದನ್ನೂ ಬರೀರಿ."

ಬರೆದೆ. ದಿಲ್ಲಿಯವರು ಕಳಿಸಿದ ಒಪ್ಪಂದವನ್ನು ಆಮೇಲೆ ಮೊದಲಿನಿಂದ ಕೊನೆಯತನಕ ಓದಿದೆ. ಹೂಡಿಕೆದಾರನಿಗೆ ದೇಶ ಏನೇನು ಮಾಡಬೇಕು ಎಂಬುದು ಪುಟಗಟ್ಟಲೆ ಇತ್ತು. ಹೂಡಿಕೆದಾರ ದೇಶಕ್ಕೆ ಏನು ಮಾಡಬೇಕು ಎಂಬುದನ್ನು ಹುಡುಕಿದೆ. ಇಲ್ಲ. ಉಡಿ ತುಂಬುವುದಕ್ಕೆ ಮಾತ್ರ ನಿಯಮ, ತಿರುಗಿ ಹಾಕುವುದಕ್ಕೆ ಇಲ್ಲ. ಇಂಥ ಕಾಗದಕ್ಕೆ ನಮ್ಮಂಥ ದೇಶಗಳು ಯಾಕೆ ಸಹಿ ಹಾಕಿದವು? ಹಣ ಬರಲಿ ಎಂಬ ಆಸೆಗೆ, ನಾಲ್ಕು ಮಂದಿಯ ಎದುರು ಸಂಭ್ರಮದಲ್ಲಿ. ಅಧ್ಯಕ್ಷಮ್ಮ ಮಾಡಿದ್ದನ್ನೇ ದೊಡ್ಡವರೂ ಮಾಡಿದ್ದಾರೆ, ಚಿಟಿಕೆ ಅಕ್ಕಿ ಕೇಳುವಷ್ಟು ಬುದ್ಧಿ ಮಾತ್ರ ಅವರಿಗೆ ಇರಲಿಲ್ಲ.

ಹೇಳಿಕೆಗೆ ಅಧ್ಯಕ್ಷಮ್ಮ ದುಂಡಗೆ ದಸ್ಕತ್ತು ಹಾಕಿದರು. ಇಂಗ್ಲಿಷಿಗೆ ಇಳಿಸಿ ದಿಲ್ಲಿಗೂ ಯಾದಗಿರಿಗೂ ಕಳಿಸಿದೆ. ಪಂಪು ನಿಲ್ಲಿಸಿದ್ದು ಮಾತು ತಪ್ಪಿದ್ದಲ್ಲ, ಮಗಳು ಮರೆತ ಮಾತನ್ನು ನೆನಪಿಸಿದ್ದು ಎಂದು ಜತೆಗೊಂದು ಟಿಪ್ಪಣಿ ಬರೆದೆ. ವಿವಾದದಲ್ಲಿ ಪಕ್ಷಗಾರರಲ್ಲದವರೂ ತಮ್ಮ ಅಹವಾಲು ಕೇಳಿರೆಂದು ಮಧ್ಯಸ್ಥಗಾರರನ್ನು ಬೇಡಿಕೊಳ್ಳಬಹುದೆಂದು ಓದಿ ತಿಳಿದು, ಊರಿನ ಹೆಸರಿನಲ್ಲಿ ಅಂಥದೊಂದು ಅರ್ಜಿಯನ್ನೂ ತಯಾರಿಸಿದೆ. ಕೇಳುವುದು ಬಿಡುವುದು ಅವರ ಮರ್ಜಿ. ಆದರೂ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹಸಿವಾಗಿ ಉಂಡೆ.

ಯಾದಗಿರಿಯಿಂದ ಕರೆ ಬಂತು. ಹಿರಿಯ ಅಧಿಕಾರಿ ಬಾಗಿಲು ಮುಚ್ಚಿಸಿ ಕೂರಿಸಿದರು. ಹೇಳಿಕೆ ಅವರ ಮೇಜಿನ ಮೇಲಿತ್ತು.

"ಓದಿದೆ ಮೇಡಂ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಆದರೆ ಇದನ್ನ ಯಾರೂ ಸಲ್ಲಿಸಲ್ಲ. ಮಾತು ಕೊಟ್ಟಿದ್ದು ನಿಜ ಅಂತ ನಮ್ಮ ಕಡೆಯವರೇ ಒಪ್ಪಿದ ಹಾಗಾಗುತ್ತೆ."

"ಆಕಿ ಬದಲಿಗೆ ಕೊಟ್ಟ ಮಾತು?"

"ಅದನ್ನ ಕೇಳೋ ಕಾನೂನು ಅಲ್ಲಿಲ್ಲ."

"ಸರ್, ಬಾವಿ ಬತ್ತಿದ್ದು ನೀವೇ ಬಂದು ನೋಡೀರಿ. ಆದೇಶ ಮಾಡಿದವ್ರು ನೀವೇ."

ಅವರು ಕನ್ನಡಕ ತೆಗೆದು ಒರೆಸಿದರು. "ನನ್ನ ಒಂದು ಸಹಿಗೆ ಇಡೀ ದೇಶ ದಂಡ ಕಟ್ಟೋ ಹಾಗಾದರೆ ಮೇಡಂ? ನಾನು ಯಾರಿಗೆ ಮುಖ ತೋರಿಸಲಿ? ಮೇಲಿಂದ ಯಾರೂ ಆದೇಶ ತೆಗೀರಿ ಅಂತ ಬರೆದಿಲ್ಲ. ಎಲ್ಲರೂ ಫೋನಲ್ಲಿ, ಯೋಚನೆ ಮಾಡಿ ಅಂತಾರೆ. ಪಕ್ಕದ ಊರಿಂದಲೂ ಇಂಥದೇ ಠರಾವು ಬಂದಿದೆ. ಅದಕ್ಕೂ ನಾನು ಕೈ ಹಾಕಿಲ್ಲ."

ಅವರನ್ನು ಬೈಯಬೇಕೆಂದು ಹೋಗಿದ್ದೆ. ಹೆದರಿದ ಮನುಷ್ಯನನ್ನು ಏನೆಂದು ಬೈಯಲಿ? ತೀರ್ಪಂತೂ ಬಂದಿರಲಿಲ್ಲ, ವಿಚಾರಣೆ ಶುರುವೂ ಆಗಿರಲಿಲ್ಲ. ಒಂದು ನೋಟಿಸಿಗೇ ಇಷ್ಟು. ಪಕ್ಕದ ಊರಿನವರಿಗೆ ತಮ್ಮ ಠರಾವು ಯಾಕೆ ಕೊಳೆಯುತ್ತಿದೆಯೆಂದು ಎಂದಿಗೂ ಗೊತ್ತಾಗುವುದಿಲ್ಲ.

ಊರಿನ ಅರ್ಜಿ ಸಲ್ಲಿಸುವ ಮೊದಲೇ ರಾಜಿಯಾಯಿತು. ಪಂಚಾಯಿತಿಯ ಠರಾವು ಕ್ರಮಬದ್ಧವಾಗಿರಲಿಲ್ಲವೆಂಬ ಕಾರಣ ಕೊಟ್ಟು ಜಿಲ್ಲಾಡಳಿತ ಆದೇಶ ಹಿಂಪಡೆಯಿತು. ಅಧ್ಯಕ್ಷಮ್ಮನ ಹೆಬ್ಬೆಟ್ಟು ಸಿಗದಿದ್ದರೂ ಕಾರಣ ಮಾತ್ರ ಅದೇ. ರಾಜಿಯ ಷರತ್ತು ಗೋಪ್ಯ, ಊರಿಗೆ ಪ್ರತಿ ಕೊಡುವ ಹಾಗಿಲ್ಲ. ನನ್ನ ಸೇವೆ ಇನ್ನು ಬೇಕಾಗಿಲ್ಲವೆಂದು ಎರಡು ಸಾಲಿನ ಸಂದೇಶ ಬಂತು. ಊರಿಗೆ ಹೇಳುವ ಕೆಲಸ ಯಾರಿಗೂ ವಹಿಸಿರಲಿಲ್ಲ, ಹಾಗಾಗಿ ನಾನೇ ಹೋದೆ.

ನಾನು ಮುಟ್ಟುವಷ್ಟರಲ್ಲಿ ಊರಿಗೆ ಗೊತ್ತಾಗಿತ್ತು. ಮೇಲ್ಗಡೆ ಪಂಪಿನ ಸದ್ದು ಕೇಳುತ್ತಿತ್ತು. ಎರಡೂ ಓಣಿಯ ಹೆಂಗಸರು ಮನೆಯಲ್ಲಿದ್ದ ಕೊಡ, ಬಕೆಟ್ಟು, ಹಾಲಿನ ಕ್ಯಾನು ಎಲ್ಲ ತಂದು ಬಾವಿಯಲ್ಲಿ ತುಂಬಿಕೊಳ್ಳುತ್ತಿದ್ದರು. ನೀರಿನ್ನೂ ಇತ್ತು.

ಅಧ್ಯಕ್ಷಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಆದೇಶದಲ್ಲಿ ಏನು ಬರೆದಿದ್ದಾರೆಂದು ಕೇಳಿದರು. ಓದಿ ಹೇಳಿದೆ.

"ಅಂದ್ರ ಉಡಿ ತುಂಬಿದಾಗ ನಾ ಸರ್ಕಾರ. ಬಾವಿ ಉಳಿಸಿದಾಗ ನಾ ಯಾರೂ ಅಲ್ಲ. ಹಿಂಗ ಅಲ್ರಿ?"

"ಹೌದ್ರಿ ಅಮ್ಮ" ಎಂದೆ. ವಕೀಲಿ ಹಿಡಿದ ಮೇಲೆ ಒಂದು ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟದ್ದು ಅದೇ ಮೊದಲು.

ಹೊರಡಲು ಎದ್ದೆ. "ತಡೀರಿ, ಬರಿಗೈಲೆ ಹೋಗಬ್ಯಾಡ್ರಿ" ಎಂದು ಒಳಗೆ ಹೋದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಖಣ ಇಟ್ಟುಕೊಂಡು ಹೊಸ್ತಿಲಿಗೆ ಬಂದವರು ಅಲ್ಲೇ ನಿಂತರು. ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದರು.

"ಅದನ್ನ ಒಳಗಿಡ್ರಿ."

ಬಂದ್ ಮಾಡಿ ಚೀಲದೊಳಗೆ ಹಾಕಿದೆ. ಸೆರಗೊಡ್ಡಿ ನಿಂತೆ. ಅವರು ಒಂದೊಂದಾಗಿ ತುಂಬಿದರು. ನಾನು ಕಾಯುತ್ತಿದ್ದೆ. ಸಣ್ಣಂದಿನಿಂದ ಎಷ್ಟು ಮನೆಯಲ್ಲಿ ಉಡಿ ತುಂಬಿಸಿಕೊಂಡಿದ್ದೇನೆ, ಎಲ್ಲ ಕಡೆಯೂ ಯಾರಾದರೂ ಏನಾದರೂ ಒಳ್ಳೆಯದನ್ನು ಅಂದಿದ್ದಾರೆ. ಅಧ್ಯಕ್ಷಮ್ಮನ ತುಟಿ ಬಿಗಿದುಕೊಂಡೇ ಇತ್ತು. ಮಗಳೇ ಎನ್ನಲಿಲ್ಲ, ತವರು ಎನ್ನಲಿಲ್ಲ, ಮತ್ತೆ ಬಾ ಎಂದೂ ಅನ್ನಲಿಲ್ಲ. ಏರಿನ ಮೇಲೆ ಪಂಪು ಓಡುತ್ತಿತ್ತು.

ನಾನು ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ತಾಟಿಗೆ ತಿರುಗಿ ಹಾಕಿದೆ. ಅಧ್ಯಕ್ಷಮ್ಮ ತಾಟು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಹಾಗೇ ನನ್ನೆದುರು ಹಿಡಿದುಕೊಂಡು ನಿಂತರು.

"ಇನ್ನೊಂದೀಟು ಹಾಕ್ರಿ" ಎಂದರು.